ತಮ್ಮನ ಕೈ ಹಿಡಿದು ‘ಆತು’ ಎಂದೆ

ನನ್ನ ತಮ್ಮ ಈರಣ್ಣ ಸತ್ತನೆಂದು ಹೇಳಿದವಳು ನಾನು. ನಾನು ಹಾಗೆ ಹೇಳಿದಾಗ ಅವನು ಸತ್ತಿರಲಿಲ್ಲ — ಇದೊಂದು ಸಾಲು ಬರೆಯುವುದಕ್ಕೆ ನನಗೆ ವರ್ಷಗಳೇ ಬೇಕಾದವು. ಆಮೇಲೆ ಅವನ ಸಾವಿನ ಭಾರವನ್ನು ಅವನ ಹೆಂಡತಿ ಗಿರಿಜಾಳ ತಲೆಯ ಮೇಲೆ ಹೊರಿಸಿದವಳೂ ನಾನೇ. ಮೊದಲನೆಯದನ್ನು ತಪ್ಪು ಎಂದು ಕರೆಯಬಹುದೇನೋ. ಎರಡನೆಯದಕ್ಕೆ ಆ ಹೆಸರು ಸಾಲದು.

ನಾನು ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ದುಡಿದು ನಿವೃತ್ತಳಾದವಳು. ಮದುವೆಯಾಗಲಿಲ್ಲ. ತಮ್ಮನ ಮನೆಯ ಮಾಳಿಗೆಯ ಮೇಲಿನ ಕೋಣೆ ನನ್ನದು. ಓಣಿಯವರಿಗೆ ನಾನು ‘ಸಿಸ್ಟರ್ ಅಕ್ಕಾರು’. ಮಗುವಿಗೆ ಜ್ವರ ಬಂದರೂ ನಾನು ಬೇಕು, ಮುದುಕರು ಕಣ್ಣು ಮೇಲೆ ಮಾಡಿದರೂ ನಾನು ಬೇಕು. ನಮ್ಮ ಜನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ; ಕೂತ ಭಂಗಿಯಲ್ಲೇ ಮಣ್ಣು ಮಾಡುತ್ತೇವೆ. ಮೈ ಸೆಟೆಯುವ ಮೊದಲೇ ಕಾಲು ಮಡಚಿ ಗೋಡೆಗೆ ಆನಿಸಿ ಕೂರಿಸಬೇಕಾದ್ದರಿಂದ ಹಿರಿಯರಿಗೆ ಯಾವಾಗಲೂ ಅವಸರ. ಡಾಕ್ಟರು ಬರುವವರೆಗೆ ಯಾರು ಕಾಯುತ್ತಾರೆ? ಸಿಸ್ಟರ್ ಅಕ್ಕಾರು ನೋಡಿದರೆ ಸಾಕು. ನಾನು ಹೋಗಿ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಕೂತು, ‘ಆತು’ ಎನ್ನುತ್ತಿದ್ದೆ. ಆ ಒಂದು ಮಾತಿನ ಮೇಲೆ ಹೆಂಗಸರ ಅಳು ಶುರುವಾಗುತ್ತಿತ್ತು, ಗಂಡಸರು ವಿಭೂತಿ ಹುಡುಕಲು ಏಳುತ್ತಿದ್ದರು. ಡಾಕ್ಟರು ಆಮೇಲೆ ಬಂದು ನನ್ನ ಮುಖ ನೋಡಿ ಬರೆದುಕೊಡುತ್ತಿದ್ದರು.

ಆ ಮಾತಿನ ಬಗ್ಗೆ ನನಗೆ ಸೊಕ್ಕಿತ್ತು. ಮುಚ್ಚಿಡುವುದೇಕೆ — ಸೊಕ್ಕೇ ಅದು. ಯಾವ ಯಂತ್ರವೂ ಬೇಡ, ನನ್ನ ಬೆರಳು ಸುಳ್ಳು ಹೇಳುವುದಿಲ್ಲ ಎಂದು ನಾನೇ ಎಷ್ಟೋ ಮಂದಿಯ ಮುಂದೆ ಹೇಳಿಕೊಂಡಿದ್ದೇನೆ.

ಈರಣ್ಣನಿಗೆ ಅಮರಗೋಳದ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಅಂಗಡಿ. ಆಳು ಗಟ್ಟಿ, ದನಿ ಇನ್ನೂ ಗಟ್ಟಿ. ಒಂದು ಸಲ ಎದೆನೋವು ಬಂದು ಹೋದ ಮೇಲೆ ಅವನ ಹೃದಯ ಸೋಲುತ್ತ ಬಂತು. ನಿಂತಿತು ಎಂದಲ್ಲ — ಸೋತಿತು. ಬಡಿಯುತ್ತಿತ್ತು, ಆದರೆ ರಕ್ತವನ್ನು ಮೈಗೆ ತಳ್ಳುವ ಕಸುವು ಅದರಲ್ಲಿ ಉಳಿದಿರಲಿಲ್ಲ. ಕಾಲು ಬಾತವು, ಪುಪ್ಪುಸದಲ್ಲಿ ನೀರು ತುಂಬಿತು. ಮಲಗಿದರೆ ಉಸಿರು ಕಟ್ಟುವುದೆಂದು ದಿಂಬುಗಳಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ. ಗೇಟಿನಿಂದ ಪಡಸಾಲೆಗೆ ಬರುವಷ್ಟರಲ್ಲಿ ಎರಡು ಸಲ ನಿಲ್ಲುತ್ತಿದ್ದ. ಔಷಧಿಗಳು ನಾಟದಾದವು. ಬೇರೆ ಹೃದಯ ಸಿಗುವ ಲಕ್ಷಣ ಕಾಣಲಿಲ್ಲ. ಆಗ ದೂರದೂರಿನ ದೊಡ್ಡ ಆಸ್ಪತ್ರೆಯವರು ಪಂಪಿನ ಮಾತೆತ್ತಿದರು. ಮಗಳು ಕವಿತಾ ಬೆಳಗಾವಿಯಲ್ಲಿ ಕಾಲೇಜಿನ ಉಪನ್ಯಾಸಕಿ. ಓಡಾಡಿ, ಅಪ್ಪನನ್ನು ಒಪ್ಪಿಸಿ, ಆಪರೇಷನ್ ಮಾಡಿಸಿದವಳು ಅವಳೇ.

ನಿಂಬೆಹಣ್ಣಿಗಿಂತ ತುಸು ದೊಡ್ಡದಾದ ಒಂದು ಲೋಹದ ಪಂಪು. ಹೃದಯವನ್ನು ತೆಗೆದುಹಾಕುವುದಿಲ್ಲ, ಅದರ ಎಡಗಡೆಯ ಕೋಣೆಯ ತುದಿಗೆ ಈ ಪಂಪನ್ನು ಹೊಲಿಯುತ್ತಾರೆ. ಸೋತ ಹೃದಯಕ್ಕೆ ತಳ್ಳಲಾಗದ ರಕ್ತವನ್ನು ಅದು ಎಳೆದುಕೊಂಡು ದೊಡ್ಡ ರಕ್ತನಾಳಕ್ಕೆ ಕಳಿಸುತ್ತದೆ. ಹೊಟ್ಟೆಯ ಚರ್ಮದೊಳಗಿಂದ ಒಂದು ತಂತಿ ಹೊರಬಂದು ಸೊಂಟದ ಪೆಟ್ಟಿಗೆಗೆ ಸೇರುತ್ತದೆ, ಪೆಟ್ಟಿಗೆಗೆ ಎರಡು ಬ್ಯಾಟರಿ. ರಾತ್ರಿ ಮಲಗುವಾಗ ಮನೆಯ ಕರೆಂಟು. ತಂತಿ ಹೊರಬರುವ ಜಾಗವನ್ನು ದಿನಾ ಶುದ್ಧ ಮಾಡಿ ಪಟ್ಟಿ ಕಟ್ಟಬೇಕು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗಬೇಕು, ಬ್ಯಾಟರಿ ಎಂದೂ ಖಾಲಿಯಾಗದಂತೆ ನೋಡಿಕೊಳ್ಳಬೇಕು. ಆ ಕೆಲಸವನ್ನೆಲ್ಲ ಗಿರಿಜಾ ತನ್ನ ಮೈಮೇಲೆ ಎಳೆದುಕೊಂಡಳು. ಬೆಳಿಗ್ಗೆ ಪೂಜೆಯ ದೀಪ ಹಚ್ಚುವ ಮೊದಲು ಬ್ಯಾಟರಿಯ ದೀಪ ನೋಡುತ್ತಿದ್ದಳು.

ಅವನು ಬದುಕಿದ. ಬದುಕಿದ ಎಂದರೆ ಉಸಿರಾಡಿಕೊಂಡು ಬಿದ್ದಿದ್ದ ಎಂದಲ್ಲ. ಚಪ್ಪಟೆಯಾಗಿ ಮಲಗಿ ಗೊರಕೆ ಹೊಡೆದ. ಆ ಗೊರಕೆ ಕೇಳುತ್ತ ಗಿರಿಜಾ ಪಕ್ಕದಲ್ಲಿ ಕೂತು ಅತ್ತಳು. ಕಾಲಿನ ಬಾವು ಇಳಿಯಿತು. ಪೆಟ್ಟಿಗೆ, ಬ್ಯಾಟರಿಗಳ ಮೇಲೆ ಅಂಗಿ ತೊಟ್ಟು ಅಮರಗೋಳಕ್ಕೆ ಹೋಗಿ, ಮೆಣಸಿನಕಾಯಿ ಚೀಲಗಳ ನಡುವೆ ಕೂತು ಸೀನಿ ಬಂದ. ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬಂದು, ಚಹಾ ಕೇಳಿ, ನಾನು ಮಾಡಿದ ಚಹಾ ನೀರಾಗಿದೆ ಎಂದು ಬೈದು ಹೋದ. ಓಣಿಯವರು ಹೇಗಿದ್ದೀರಿ ಎಂದು ಕೇಳಿದರೆ ಅವನ ಉತ್ತರ ಸಿದ್ಧವಿರುತ್ತಿತ್ತು: “ನಂದೀಗ ಬೋರ್‌ವೆಲ್ ಇದ್ದಂಗರಿ. ಮಳಿ ಕಾಯೂದಿಲ್ಲ, ಕರೆಂಟ್ ಕಾಯ್ತೇನಿ.”

ಆ ಪಂಪು ಬಡಿಯುವುದಿಲ್ಲ, ತಿರುಗುತ್ತದೆ. ನಲ್ಲಿಯ ನೀರಿನ ಹಾಗೆ ರಕ್ತ ಒಂದೇ ಸಮ ಹರಿಯುತ್ತದೆ, ಅದಕ್ಕೇ ಅಂಥವರ ಕೈಯಲ್ಲಿ ನಾಡಿ ಸಿಗುವುದಿಲ್ಲ. ಇದನ್ನು ಆಸ್ಪತ್ರೆಯಲ್ಲಿ ಒಬ್ಬ ನರ್ಸ್ ಹುಡುಗಿ ನಮಗೆ ಬಿಡಿಸಿ ಹೇಳಿದ್ದಳು. ಅವರು ಬಿದ್ದರೆ ನಾಡಿ ನೋಡಬೇಡಿ, ಉಸಿರು ನೋಡಿ, ಎದೆಗೆ ಕಿವಿಗೊಟ್ಟು ಪಂಪಿನ ಸದ್ದು ಕೇಳಿ, ಪೆಟ್ಟಿಗೆಯ ದೀಪ ನೋಡಿ, ಕೂಡಲೇ ನಮಗೆ ಫೋನ್ ಮಾಡಿ. ಗಿರಿಜಾ ಮತ್ತೆ ಮತ್ತೆ ಕೇಳಿ ಬಾಯಿಪಾಠ ಮಾಡಿಕೊಂಡಳು. ನಾನು ಕೈ ಕಟ್ಟಿ ಕೂತಿದ್ದೆ — ನನ್ನ ಸರ್ವೀಸಿನಷ್ಟು ವಯಸ್ಸೂ ಆಗದ ಹುಡುಗಿ ನನಗೇನು ಕಲಿಸುತ್ತಾಳೆ ಎಂದು.

ಆದರೂ ಗೊತ್ತಿರಲಿಲ್ಲ ಎಂದು ನಾನು ಹೇಳಲಾರೆ. ಅವನು ಮನೆಗೆ ಬಂದ ದಿನ ಚಟದಂತೆ ಕೈ ಹಿಡಿದಿದ್ದೆ, ಏನೂ ಸಿಗದೆ ನನ್ನ ಮುಖ ಬಿಳಿಚಿತ್ತು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. “ಅಕ್ಕಾ, ನಿನ್ನ ಲೆಕ್ಕದಾಗ ನಾ ಸತ್ತೇನಿ,” ಎಂದಿದ್ದ. ನಾನೂ ನಕ್ಕಿದ್ದೆ. ಗೊತ್ತಿತ್ತು. ಗೊತ್ತಿದ್ದೂ —

ಅದು ಶ್ರಾವಣ ಸೋಮವಾರ. ಈರಣ್ಣನಿಗೆ ಸಕ್ಕರೆ ಕಾಯಿಲೆಯೂ ಇತ್ತು. ಬೆಳಿಗ್ಗೆ ಇಂಜೆಕ್ಷನ್ ತೆಗೆದುಕೊಂಡಿದ್ದ, ಉಪವಾಸವೆಂದು ಒಂದು ಬಾಳೆಹಣ್ಣಿನ ಮೇಲೆ ಇದ್ದ. ಗಿರಿಜಾ ಬೇಡ ಎಂದಿದ್ದಳು. ಒಂದು ದಿನಕ್ಕೇನಾಗುತ್ತದೆ, ಶಿವನ ವಾರ, ಇರಲಿ ಬಿಡು ಎಂದವಳು ನಾನು. ಅವಳು ಹೂವು ಹಣ್ಣು ತರಲು ದುರ್ಗದಬೈಲಿಗೆ ಹೋದಳು. ಮಧ್ಯಾಹ್ನ ನಾನು ಮಜ್ಜಿಗೆ ಹಿಡಿದು ಪಡಸಾಲೆಗೆ ಬಂದರೆ ಅವನು ಕುರ್ಚಿಯಲ್ಲಿ ಕೂತಲ್ಲೇ ಒಂದು ಕಡೆ ವಾಲಿದ್ದ. ಮುಖದ ತುಂಬ ಬೆವರು, ಕೈ ತಣ್ಣಗೆ. ಕೂಗಿದೆ, ಅಲುಗಾಡಿಸಿದೆ, ಕೆನ್ನೆ ತಟ್ಟಿದೆ. ಕಣ್ಣು ಬಿಡಲಿಲ್ಲ. ನನ್ನ ಬೆರಳು ತಾನಾಗಿಯೇ ಅವನ ಮಣಿಕಟ್ಟಿಗೆ ಹೋಯಿತು. ಏನೂ ಇಲ್ಲ. ಕುತ್ತಿಗೆಯಲ್ಲೂ ಇಲ್ಲ. ಆ ಹೊತ್ತಿಗೆ ನನ್ನ ತಲೆಯಲ್ಲಿ ಆಸ್ಪತ್ರೆಯ ಹುಡುಗಿ ಇರಲಿಲ್ಲ, ಪಂಪು ಇರಲಿಲ್ಲ, ಅವನ ನಗುವೂ ಇರಲಿಲ್ಲ. ಇಷ್ಟು ವರ್ಷ ಎಷ್ಟೋ ಮಂದಿಯ ಕೈ ಹಿಡಿದ ಎರಡು ಬೆರಳು ಮಾತ್ರ ಇದ್ದವು.

ನನ್ನ ಕೂಗಿಗೆ ಮಗ್ಗುಲ ಮನೆಯ ಶಿವಪ್ಪ ಕಾಕಾ ಓಡಿ ಬಂದರು, ಅವರ ಹಿಂದೆ ಇನ್ನಿಬ್ಬರು. ಓಣಿಯಲ್ಲಿ ಯಾರು ಹೋದರೂ ಮುಂದೆ ನಿಂತು ಎಲ್ಲ ಮಾಡಿಸುವವರು ಕಾಕಾ. ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದರು.

“ಆತು,” ಎಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಒಡೆದದ್ದು ನನಗೆ ಕೇಳಿಸಲಿಲ್ಲ. ಕಾಕಾ ಶಿವಶಿವಾ ಎಂದು, ಲಗೂ ಕೂರಿಸಬೇಕು ಎಂದರು. ಗೋಡೆಯ ಬಳಿ ಚಾಪೆ ಹಾಸಿದರು. ಅವನನ್ನು ಎತ್ತಲು ಬಗ್ಗಿದ ಕಾಕಾ ಹಾಗೇ ನಿಂತರು.

“ಶಾಂತವ್ವಾ, ಇದಿನ್ನೂ ಗುಂಯ್ ಅನ್ನಾಕತ್ತೈತಲ್ಲವಾ?”

ಪಂಪು ನಡೆಯುತ್ತಿತ್ತು. ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿತ್ತು. ಪಂಪಿಗೆ ಏನಾದರೂ ಆಗಿದ್ದರೆ ಆ ಪೆಟ್ಟಿಗೆ ಕೂಗಬೇಕಿತ್ತು, ಕೂಗಿರಲಿಲ್ಲ. ಶಿವಪ್ಪ ಕಾಕಾ ನನಗೆ ಕೊನೆಯ ಅವಕಾಶ ಕೊಟ್ಟಿದ್ದರು, ಅದು ಅವರಿಗೂ ಗೊತ್ತಿರಲಿಲ್ಲ. ನಾನು ಹೇಳಿದ ಮಾತು ಅಕ್ಷರಶಃ ನೆನಪಿದೆ: “ಮಷೀನಿಗೇನು ಗೊತ್ತಾಕ್ಕೈತಿ ಕಾಕಾ, ಮನಷ್ಯಾ ಹೋಗ್ಯಾನಂತ.” ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನವಲ್ಲ ನಮ್ಮ ಓಣಿಯವರು, ಆದರೆ ಹೇಳಿದವಳು ಸಿಸ್ಟರ್ ಅಕ್ಕ. ಯಾರೂ ಎದುರಾಡಲಿಲ್ಲ. ಹೊಟ್ಟೆಯಿಂದ ಬಂದ ತಂತಿಯನ್ನು ನಾನೇ ಪೆಟ್ಟಿಗೆಯಿಂದ ಬಿಡಿಸಿದೆ.

ಆಗ ಪೆಟ್ಟಿಗೆ ಕೂಗಿತು. ಕಿವಿ ಕಿತ್ತುಹೋಗುವಂತೆ, ಬಿಟ್ಟೂಬಿಡದೆ. ಅದರ ಮೇಲೆ ಕೆಂಪು ದೀಪ ಹತ್ತಿ, ತಂತಿ ಸಿಕ್ಕಿಸು ಎಂಬ ಗುರುತು ಮೂಡಿತು. ಓದಿದೆ. ಓದಿ, ಬ್ಯಾಟರಿಗಳನ್ನು ಕಿತ್ತೆ. ಒಳಗೆ ಇನ್ನೊಂದು ಚಿಕ್ಕ ಬ್ಯಾಟರಿ ಇರುತ್ತದಂತೆ, ಆದರೂ ಸುಮ್ಮನಾಗಲಿಲ್ಲ. ಕಡೆಗೆ ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ ಒಳಕೋಣೆಯ ಕಪಾಟಿನಲ್ಲಿ ಹಾಕಿ ಬಾಗಿಲು ಮುಚ್ಚಿದೆ. ಪಡಸಾಲೆಯಲ್ಲಿ ಅವನ ಕಾಲು ಮಡಚುತ್ತಿದ್ದರು. ನಾನು ಬಚ್ಚಲಿಗೆ ಹೋಗಿ ಕೈ ತೊಳೆಯಲು ನಲ್ಲಿ ತಿರುಗಿಸಿದೆ. ನೀರು ಒಂದೇ ಸಮ ಕೈಮೇಲೆ ಹರಿಯಿತು —

ಆಗ ನೆನಪಾಯಿತು.

ಓಡಬೇಕಿತ್ತು. ಪೆಟ್ಟಿಗೆ ಇನ್ನೂ ಕಪಾಟಿನಲ್ಲಿ ಕೂಗುತ್ತಿತ್ತು, ತಂತಿ ಅವನ ಹೊಟ್ಟೆಯ ಮೇಲೆ ಇತ್ತು. ಸಿಕ್ಕಿಸಿದ್ದರೆ ಪಂಪು ಮತ್ತೆ ತಿರುಗುತ್ತಿತ್ತೋ, ಹೊತ್ತು ಮೀರಿತ್ತೋ, ನನಗೆ ಗೊತ್ತಿಲ್ಲ. ಅವನಿಗೆ ಏನಾಗಿತ್ತು ಎಂಬುದೂ ಗೊತ್ತಿಲ್ಲ. ಸಕ್ಕರೆ ಇಳಿದು ಎಚ್ಚರ ತಪ್ಪಿದ್ದರೆ ಒಂದು ಲೋಟ ಪಾನಕಕ್ಕೆ ಕಣ್ಣು ಬಿಡುತ್ತಿದ್ದನೇನೋ. ಮಿದುಳಿಗೆ ಏನಾದರೂ ಆಗಿದ್ದರೆ ಉಳಿಯುತ್ತಿರಲಿಲ್ಲವೇನೋ. ಯಾರೂ ಪರೀಕ್ಷೆ ಮಾಡಲಿಲ್ಲ. ನಾನು ಹೇಳಿದ ಮೇಲೆ ಪರೀಕ್ಷೆ ಯಾಕೆ? ನನಗೆ ಗೊತ್ತಿರುವುದು ಇಷ್ಟೇ — ನಲ್ಲಿಯ ಕೆಳಗೆ ಕೈ ಹಿಡಿದು ನಾನು ನಿಂತೇ ಇದ್ದೆ. ಹೊರಗೆ ಹೋಗಿ ಕಾಕಾನ ಮುಂದೆ, ಓಣಿಯವರ ಮುಂದೆ, ತಪ್ಪಿದೆ, ಅವನನ್ನು ಮಲಗಿಸಿ ಎನ್ನಬೇಕಿತ್ತು. ಆ ನಾಚಿಕೆ ನನಗೆ ತಮ್ಮನಿಗಿಂತ ದೊಡ್ಡದಾಯಿತು. ಕಪಾಟಿನ ಸದ್ದು ನಿಂತ ಮೇಲೆ ನಲ್ಲಿ ನಿಲ್ಲಿಸಿ ಹೊರಗೆ ಬಂದೆ.

ಗಿರಿಜಾ ಬಂದಾಗ ಅವನನ್ನು ಕೂರಿಸಿ ಹಣೆಗೆ ವಿಭೂತಿ ಬಳಿದಾಗಿತ್ತು. ಹೂವಿನ ಚೀಲ ಕೈಯಲ್ಲಿ ಹಿಡಿದೇ ಅವನ ಮುಂದೆ ಕುಸಿದಳು. ಕಾಕಾ ಮತ್ತು ಆ ಇಬ್ಬರು ಗುಂಡಿ ತೋಡಿಸಲು ಹೋದ ಮೇಲೆ ನನ್ನ ಕಡೆ ತಿರುಗಿ ಕೇಳಿದಳು.

“ಬ್ಯಾಟರಿ ಹೋಗಿತ್ತೇನ್ರಿ ಅಕ್ಕಾರ?”

ಅವಳು ಸುಮ್ಮನೆ ಕೇಳಿದ್ದು. ಭಯದಿಂದ ಕೇಳಿದ್ದು. ಇಲ್ಲ ಎಂದಿದ್ದರೆ ಮುಂದಿನ ಪ್ರಶ್ನೆ ಬರುತ್ತಿತ್ತು. “ಹೂಂ, ಹಂಗ ಕಾಣಸ್ತೈತಿ,” ಎಂದೆ. ಖಾಲಿಯಾಗುವ ಮೊದಲು ಅದು ಕೂಗುತ್ತದಲ್ಲ, ನಿಮಗೆ ಕೇಳಲಿಲ್ಲವೇ ಎಂದಳು. ಮಾಳಿಗೆಯ ಮೇಲೆ ಬಟ್ಟೆ ಒಣ ಹಾಕುತ್ತಿದ್ದೆ ಎಂದೆ. ಒಂದು ಸುಳ್ಳು ಹೇಳಿದ ಬಾಯಿಗೆ ಎರಡನೆಯದು ಭಾರವಾಗುವುದಿಲ್ಲ. ಆ ಸಂಜೆ ಬ್ಯಾಟರಿಗಳನ್ನು ಮೇಲೆ ನನ್ನ ಕೋಣೆಗೆ ಒಯ್ದು ಗುಂಡಿ ಒತ್ತಿ ನೋಡಿದೆ. ಎರಡರಲ್ಲೂ ಹಸಿರು ದೀಪ ಹತ್ತಿದವು. ಗಿರಿಜಾ ಬೆಳಿಗ್ಗೆ ತುಂಬಿಸಿಟ್ಟದ್ದು ತುಂಬಿಯೇ ಇತ್ತು. ಅವನ್ನು ಅವಳ ಕೈಗೆ ಸಿಗದಂತೆ ಇಟ್ಟೆ.

ಮಣ್ಣಾದ ಮೂರನೆಯ ದಿನ ಕವಿತಾ ನೆಂಟರೆಲ್ಲರ ಮುಂದೆ ತಾಯಿಗೆ ಹೇಳಿದಳು: “ಒಂದ ಬ್ಯಾಟರಿ ನೋಡಾಕ ಆಗಲಿಲ್ಲೇನವ್ವಾ ನಿನಗ?” ನಾನು ಅಲ್ಲೇ ಇದ್ದೆ. ನೆಂಟರಿಗೆ ನೀರು ಕೊಡುತ್ತಿದ್ದೆ. ಅದಾದ ಮೇಲೆ ಕವಿತಾ ಈ ಮನೆಗೆ ನೆಂಟಳ ಹಾಗೆ ಬಂದು ಹೋಗುತ್ತಾಳೆ. ಬೆಳಿಗ್ಗೆ ಬಂದರೆ ಸಂಜೆಯ ಬಸ್ಸು. ಗಿರಿಜಾ ಅಳುವುದನ್ನು ನಿಲ್ಲಿಸಿದಳು, ಆಮೇಲೆ ಮಾತನ್ನೂ ಕಡಿಮೆ ಮಾಡಿದಳು. ಮನೆಯ ಒಂದೊಂದು ಸ್ವಿಚ್ಚನ್ನೂ ಮುಟ್ಟಿ ಮುಟ್ಟಿ ನೋಡುತ್ತಾಳೆ. ಒಲೆ ಆರಿಸಿದ್ದೇನೆಯೋ ಇಲ್ಲವೋ ಎಂದು ನನ್ನನ್ನು ಕೇಳುತ್ತಾಳೆ. ನನ್ನನ್ನೇ — ಈ ಮನೆಯಲ್ಲಿ ನಂಬಿಕೆಗೆ ಯೋಗ್ಯಳೆಂದರೆ ಅಕ್ಕಾರು! ಪಂಪಿನ ಸದ್ದು ಕೇಳಿದ್ದ ಶಿವಪ್ಪ ಕಾಕಾ ನನ್ನ ಮಾತು ನಂಬಿ ಅದನ್ನು ಯಾರ ಮುಂದೆಯೂ ಆಡಲಿಲ್ಲ; ಆದರೂ ಅವರು ಬದುಕಿರುವವರೆಗೂ ಅವರ ಕಣ್ಣು ತಪ್ಪಿಸಿ ಓಡಾಡಿದೆ. ಅವರೂ ಹೋದರು. ಅವರ ಮನೆಯಿಂದ ಕರೆ ಬಂದಾಗ ಕೈ ನಡುಗುತ್ತದೆ ಎಂದು ಹೇಳಿ ಕಳಿಸಿದೆ. ಆ ಮೇಲೆ ನಾನು ಯಾರ ಕೈಯನ್ನೂ ಹಿಡಿದಿಲ್ಲ.

ಹೀಗೇ ನಾನೂ ಹೋಗಿಬಿಡುತ್ತಿದ್ದೆ. ಖರೇ ಹೇಳುತ್ತೇನೆ, ನನಗೆ ತಾನಾಗಿ ಬುದ್ಧಿ ಬರಲಿಲ್ಲ.

ನಿನ್ನೆ ಧಾರವಾಡದಿಂದ ಒಬ್ಬ ಹೆಣ್ಣುಮಗಳು ಬಂದಳು. ಸಾಲಿ ಟೀಚರ್ ಅಂತೆ. ಅವಳ ಗಂಡನಿಗೂ ಈರಣ್ಣನ ಹಾಗೆಯೇ ಹೃದಯ ಸೋತಿದೆ, ಅದೇ ಪಂಪು ಹಾಕಿಸಲು ಹೇಳಿದ್ದಾರೆ, ಹೆದರಿಕೆಯಾಗಿ ಯಾರನ್ನೋ ಕೇಳಿ ಗಿರಿಜಾಳ ವಿಳಾಸ ಹುಡುಕಿಕೊಂಡು ಬಂದಿದ್ದಾಳೆ. ಗಂಡ ಗೇಟಿನ ಹೊರಗೆ ಕಾರಿನಲ್ಲೇ ಕೂತಿದ್ದ. ನಮ್ಮ ಮನೆಯ ನಾಲ್ಕು ಮೆಟ್ಟಿಲು ಹತ್ತಲು ಅವನಿಂದಾಗಲಿಲ್ಲ. ಮಾಳಿಗೆಯಿಂದ ನೋಡಿದೆ — ಬಾಯಿ ತೆರೆದು ಉಸಿರಾಡುತ್ತಿದ್ದ, ಕುತ್ತಿಗೆಯ ನರ ಉಬ್ಬಿತ್ತು. ಇನ್ನೂ ತಲೆ ಪೂರ್ತಿ ನರೆತಿಲ್ಲ. ನಾನು ಮೆಟ್ಟಿಲಿಳಿದು ಅರ್ಧಕ್ಕೆ ಬರುವಾಗ ಪಡಸಾಲೆಯಿಂದ ಗಿರಿಜಾಳ ದನಿ ಕೇಳಿಸಿತು.

“ಹಾಕಸಬ್ಯಾಡ್ರಿ. ಮಷೀನ್ ಛಲೋ ಐತ್ರಿ, ಅದಕ್ಕ ಹೆಸರಿಡಾಂಗಿಲ್ಲ. ಕಾಯೋ ಕೈ ಛಲೋ ಇರಬೇಕು. ನಾ ಒಂದ ಬ್ಯಾಟರಿ ಮರತು ನನ್ನ ಗಂಡನ್ನ ಕೊಂದೇನಿ.”

ಆ ಹೆಣ್ಣುಮಗಳು ತಲೆ ತಗ್ಗಿಸಿದಳು. ತನಗೂ ಮರೆವು, ಸಾಲಿಯ ಕೆಲಸ, ಮನೆಯ ಕೆಲಸ, ತನ್ನಿಂದ ಆಗಲಿಕ್ಕಿಲ್ಲ, ಬೇಡವೆಂದೇ ಹೇಳಿಬಿಡುತ್ತೇವೆ ಎಂದು ಎದ್ದಳು. ಚಪ್ಪಲಿ ಮೆಟ್ಟಲು ಬಾಗಿಲಿಗೆ ಹೋದಳು. ಅವಳು ಗೇಟು ದಾಟಿದರೆ ನನ್ನ ಸುಳ್ಳಿಗೆ ಇನ್ನೊಬ್ಬ ಹೋಗುತ್ತಾನೆ, ನಾನು ಮಾಳಿಗೆಯ ಮೇಲೆ ಕೂತು ಚಹಾ ಕುಡಿಯುತ್ತೇನೆ — ಇದು ನನಗೆ ಅಷ್ಟು ಸ್ಪಷ್ಟವಾಗಿ ಕಂಡಿತು.

ನಿಲ್ಲಿರಿ ಎಂದೆ. ಮೆಟ್ಟಿಲ ಮೇಲೆ ನಿಂತಲ್ಲೇ ಹೇಳಿದೆ. ಬ್ಯಾಟರಿ ತುಂಬಿತ್ತು ಎಂದೆ. ಪಂಪು ನಡೆಯುತ್ತಿತ್ತು, ನಾಡಿ ನೋಡಿ ಸತ್ತನೆಂದವಳು ನಾನು, ತಂತಿ ತೆಗೆದವಳು ನಾನು, ನೆನಪಾದ ಮೇಲೂ ನಲ್ಲಿಯ ಹತ್ತಿರ ನಿಂತವಳು ನಾನು, ಬ್ಯಾಟರಿ ಬಚ್ಚಿಟ್ಟವಳು ನಾನು. ಹೇಗೆ ಹೇಳಿದೆನೋ, ಹಿಂದುಮುಂದಾಗಿ ಹೇಳಿದೆ. ಧಾರವಾಡದವಳು ಬಾಗಿಲಲ್ಲಿ ಒಂದು ಕಾಲಿಗೆ ಚಪ್ಪಲಿ ಹಾಕಿ ನಿಂತುಬಿಟ್ಟಿದ್ದಳು. ಗಿರಿಜಾ ಸೀರೆಯ ಸೆರಗನ್ನು ಕೈಯಲ್ಲಿ ಹಿಡಿದು, ಬಿಟ್ಟು, ಮತ್ತೆ ಹಿಡಿದಳು. ನಾನು ಮುಗಿಸಿದ ಮೇಲೆ ಒಂದೇ ಮಾತು ಕೇಳಿದಳು.

“ತಂತಿ ತಗಿಯೂಕಿಂತ ಮೊದಲ ಅವರ ಉಸುರು ನೋಡಿದ್ರೇನು?”

ಅಷ್ಟೆಲ್ಲ ಹೇಳಿದವಳು ಇದೊಂದನ್ನು ಹೇಳಿರಲಿಲ್ಲ. ಮೇಲೆ ಇಷ್ಟು ಬರೆದಿದ್ದೇನಲ್ಲ, ಇದರಲ್ಲೂ ಅದನ್ನು ಬಿಟ್ಟೇ ಬರೆದಿದ್ದೇನೆ. ಮೂಗಿನ ಹತ್ತಿರ ಕೈ ಹಿಡಿಯಲಿಲ್ಲ. ಎದೆ ಏರಿಳಿಯುತ್ತಿದೆಯೇ ಎಂದು ನೋಡಲಿಲ್ಲ. ನಾಡಿ ಸಿಗದ ಮೇಲೆ ಬೇರೆ ಏನನ್ನೂ ನೋಡುವ ರೂಢಿ ನನಗಿರಲಿಲ್ಲ.

“ಇಲ್ಲ,” ಎಂದೆ.

ಗಿರಿಜಾ ಆಮೇಲೆ ನನಗೆ ಬೆನ್ನು ಹಾಕಿ, ಬಾಗಿಲಲ್ಲಿದ್ದವಳನ್ನು ಒಳಗೆ ಕರೆದಳು. “ಬರ್ರಿ, ಕುಂದರ್ರಿ. ಎಲ್ಲಾ ಹೇಳಿ ಕೊಡ್ತೇನಿ. ಹಾಕಸ್ರಿ. ಮೊದಲ ಇದನ್ನ ತಿಳಕೋರಿ — ನಾಡಿ ಸಿಗೂದಿಲ್ಲ, ಯಾರ ಹಿಡದ್ರೂ ಸಿಗೂದಿಲ್ಲ. ಅವರು ಬಿದ್ರ ಉಸುರು ನೋಡ್ರಿ, ದವಾಖಾನಿಗೆ ಫೋನ್ ಹಚ್ರಿ. ಮನ್ಯಾಗ ಎಷ್ಟ ಶಾಣ್ಯಾರ ಇರ್ಲಿ, ತಂತಿ ಮುಟ್ಟಾಕ ಬಿಡಬ್ಯಾಡ್ರಿ.”

ಅವರಿಬ್ಬರೂ ಸಂಜೆಯವರೆಗೆ ಕೂತಿದ್ದರು. ಪಟ್ಟಿ ಹೇಗೆ ಕಟ್ಟಬೇಕು, ಸ್ನಾನ ಹೇಗೆ, ಕರೆಂಟು ಹೋದರೆ ಏನು — ಗಿರಿಜಾ ಒಂದನ್ನೂ ಮರೆತಿರಲಿಲ್ಲ. ಧಾರವಾಡದವಳ ಗಂಡನನ್ನು ಓಣಿಯ ಹುಡುಗರು ಕುರ್ಚಿಯಲ್ಲಿ ಎತ್ತಿ ತಂದು ಪಡಸಾಲೆಯಲ್ಲಿ ಕೂರಿಸಿದರು. ಅವನೂ ಕೇಳಿಸಿಕೊಂಡ. ಅವರು ಹೋದ ಮೇಲೆ ಗಿರಿಜಾ ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು. ನನ್ನೊಡನೆ ಮಾತಾಡಲಿಲ್ಲ, ಈವರೆಗೂ ಆಡಿಲ್ಲ. ಆಡಲಿ ಎಂದು ಕೇಳುವ ಬಾಯಿ ನನಗಿಲ್ಲ.

ನಾಳೆ ಬೆಳಗಾವಿಗೆ ಹೋಗುತ್ತೇನೆ. ಕವಿತಾಳ ಮುಂದೆ ಕೂತು ಇದನ್ನೇ ಹೇಳುತ್ತೇನೆ. ಉಸಿರು ನೋಡಲಿಲ್ಲ ಎಂಬುದನ್ನು ಮೊದಲು ಹೇಳುತ್ತೇನೆ.